ಬೇಸಿಗೆ ರಜೆಗೆ ಸ್ಕೂಬಾ: ಮೊದಲು ತಿಂಗಳು ನೋಡಿ, ಆಮೇಲೆ ಊರು

ಪ್ರಶ್ನೆ: ನಾನು ಶಹಾಪುರದ ಹತ್ತಿರ ಪ್ರೌಢಶಾಲೆಯಲ್ಲಿ ಟೀಚರ್. ವಯಸ್ಸು 36. ಕಳೆದ ದಸರಾ ರಜೆಯಲ್ಲಿ ನಾನು, ನಮ್ಮ ಯಜಮಾನರು ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು) ಮಾಡಿ ಬಂದೆವು. ನೀರು ಮಬ್ಬಾಗಿತ್ತು, ನನ್ನ ಕಿವಿ ವಿಪರೀತ ನೋಯಿತು. ಆದರೂ ಹುಚ್ಚು ಹತ್ತಿದೆ. ಚಿಕ್ಕವಳಿದ್ದಾಗ ನಮ್ಮ ಹೊಲದ ಬಾವಿಯಲ್ಲಿ ಈಜು ಕಲಿತಿದ್ದೇನೆ. ಯಜಮಾನರಿಗೆ ಈಜು ಬರುವುದಿಲ್ಲ. ಅವರಿಗೆ 43, ಬಿಪಿ ಮಾತ್ರೆ ತಗೊಳ್ತಾರೆ, ಕನ್ನಡಕವೂ ಇದೆ. ಬರುವ ಬೇಸಿಗೆ ರಜೆಗೆ ಅಂಡಮಾನ್, ಮಾಲ್ಡೀವ್ಸ್, ಬಾಲಿ, ಥಾಯ್ಲೆಂಡ್ ಇದರಲ್ಲಿ ಯಾವುದಕ್ಕೆ ಹೋಗೋಣ? ಜಗತ್ತಿನಲ್ಲೇ ಒಳ್ಳೆ ಜಾಗ ಯಾವುದು ಸರ್?

ಉತ್ತರ: ಅಕ್ಕೋರೆ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಜಗತ್ತಿನಲ್ಲೇ ಒಳ್ಳೆ ಜಾಗ ಅಂತ ಒಂದಿಲ್ಲ. ಒಂದೇ ದ್ವೀಪ ಫೆಬ್ರವರಿಯಲ್ಲಿ ಸ್ವರ್ಗ, ಜುಲೈನಲ್ಲಿ ಬೋಟ್ ಕೂಡ ಇಳಿಯದ ಜಾಗ. ನೀವು ಶಾಲೆಯವರು. ಬೇಸಿಗೆ ರಜೆ, ದಸರಾ ರಜೆ, ಇವೆರಡು ಬಿಟ್ಟರೆ ನಿಮಗೆ ಬೇರೆ ಬಿಡುವಿಲ್ಲ. ಹಾಗಾಗಿ ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಊರು ಆರಿಸಿ. ನಮ್ಮ ಕಡೆಯಿಂದ ಬರುವ ಜನ ಇದನ್ನ ಉಲ್ಟಾ ಮಾಡುತ್ತಾರೆ. ಮೊಬೈಲಿನಲ್ಲಿ ನೀಲಿ ನೀರಿನ ಫೋಟೋ ನೋಡಿ ಟಿಕೆಟ್ ತೆಗೆಸುತ್ತಾರೆ, ಅಲ್ಲಿ ಹೋದ ಮೇಲೆ ಮಳೆ ನೋಡಿಕೊಂಡು ರೂಮಿನಲ್ಲಿ ಕೂರುತ್ತಾರೆ.

ನೇತ್ರಾಣಿಯಲ್ಲಿ ನಿಮಗೆ ಆದದ್ದೂ ಇದೇ. ಅಲ್ಲಿ ಸೀಸನ್ ಶುರುವಾಗುವುದೇ ಅಕ್ಟೋಬರ್ ಹೊತ್ತಿಗೆ. ಮಳೆಗಾಲದುದ್ದಕ್ಕೂ ಕರಾವಳಿಯ ನದಿಗಳು ಕೆಂಪು ಮಣ್ಣು ತಂದು ಸಮುದ್ರಕ್ಕೆ ಸುರಿದಿರುತ್ತವೆ. ಅಲೆಗಳು ತಳದ ಕೆಸರನ್ನು ಕದಡಿರುತ್ತವೆ. ಅದೆಲ್ಲ ಕೆಳಗೆ ಕೂರಲು ಸಮಯ ಬೇಕು. ಅದೇ ನೇತ್ರಾಣಿಗೆ ಡಿಸೆಂಬರ್, ಜನವರಿಯಲ್ಲಿ ಹೋಗಿದ್ದರೆ ಬೇರೆಯೇ ಜಾಗ ಅನ್ನಿಸುತ್ತಿತ್ತು. ಹಾಗಾಗಿ ನೇತ್ರಾಣಿಯನ್ನು ಬೈಯಬೇಡಿ. ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಆ ದ್ವೀಪ ನಮ್ಮ ರಾಜ್ಯದವರಿಗೆ ಸಿಕ್ಕ ಪುಣ್ಯ.

ಇನ್ನು ಕಿವಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಒಂದು, 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು. ಮೊದಲ 10 ಮೀಟರಿನಲ್ಲೇ ಒತ್ತಡ ದುಪ್ಪಟ್ಟು. ಅದಕ್ಕೇ ಆಳಕ್ಕೆ ಹೋದಾಗ ಅಲ್ಲ, ಮೊದಲ ಎರಡು ಮೂರು ಮೀಟರಿನಲ್ಲೇ ಕಿವಿ ಕಿರುಚುವುದು. ಉಪಾಯ ಸರಳ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿನಲ್ಲೇ ಗಾಳಿ ಒತ್ತಬೇಕು. ಒಳಗೆ 'ಟಿಕ್' ಅಂತ ಬಿಡುತ್ತದೆ. ನೋವು ಬಂದ ಮೇಲೆ ಮಾಡಿದರೆ ಕಷ್ಟ, ಬರುವ ಮುಂಚೆಯೇ ಮಾಡಬೇಕು. ತಲೆ ನೀರಿಗೆ ಇಳಿಯುವಾಗಲೇ ಒಮ್ಮೆ, ಆಮೇಲೆ ಪ್ರತಿ ಅರ್ಧ ಮೀಟರಿಗೆ ಒಮ್ಮೆ. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ನೆಗಡಿ ಇದ್ದ ದಿನ ಇಳಿಯಲೇಬೇಡಿ, ದುಡ್ಡು ಹೋದರೆ ಹೋಗಲಿ. ಮುಂದಿನ ಸಲ ಗೈಡ್ ಜೊತೆ ಮೊದಲೇ ಮಾತಾಡಿ: "ನನ್ನ ಕಿವಿ ನಿಧಾನ, ಅವಸರ ಮಾಡಬೇಡಿ." ಒಳ್ಳೆ ಗೈಡ್ ಆದರೆ ಖುಷಿಪಡುತ್ತಾರೆ.

ಬಾವಿಯಲ್ಲಿ ಈಜು ಕಲಿತಿದ್ದೇನೆ ಅಂದಿರಿ. ನಾನೂ ಕಲಬುರಗಿ ಕಡೆಯವನೇ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಗೆ ಬಿದ್ದವನೇ. ಅದರಿಂದ ನೀರಿನ ಭಯ ಹೋಗಿರುತ್ತದೆ, ಅದು ದೊಡ್ಡ ಲಾಭ. ಆದರೆ ಬಾವಿ ಕಲಿಸಿದ ಒಂದು ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಬಾವಿಯಲ್ಲಿ ಮುಳುಗುವಾಗ ಗಟ್ಟಿಯಾಗಿ ಉಸಿರು ಹಿಡಿಯುತ್ತೇವೆ. ಯಾರು ಜಾಸ್ತಿ ಹೊತ್ತು ಹಿಡಿದರು ಅಂತ ಪಂದ್ಯವನ್ನೂ ಕಟ್ಟುತ್ತೇವೆ. ಸ್ಕೂಬಾದಲ್ಲಿ ಉಸಿರು ಹಿಡಿಯುವುದಕ್ಕಿಂತ ದೊಡ್ಡ ತಪ್ಪಿಲ್ಲ.

ಕಾರಣ ಕೇಳಿ. ಬಾವಿಯಲ್ಲಿ ಮೇಲೆ ತುಂಬಿಕೊಂಡ ಗಾಳಿಯನ್ನೇ ಕೆಳಗೆ ಒಯ್ಯುತ್ತೀರಿ. ಒತ್ತಡಕ್ಕೆ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಅಪಾಯ ಇಲ್ಲ. ಸ್ಕೂಬಾದಲ್ಲಿ ಸಿಲಿಂಡರಿನ ಗಾಳಿಯನ್ನು ಕೆಳಗಿನ ಒತ್ತಡದಲ್ಲೇ ಎಳೆದುಕೊಳ್ಳುತ್ತೀರಿ. 10 ಮೀಟರಿನಲ್ಲಿ ಎದೆ ತುಂಬಾ ಉಸಿರು ತಗೊಂಡು, ಬಾಯಿ ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಎದೆಯಲ್ಲಿ ಅಷ್ಟು ಜಾಗ ಎಲ್ಲಿದೆ? ತುಂಬಿದ ಎದೆಯಲ್ಲಿ ಎರಡು ಮೀಟರಿನಷ್ಟು ಮೇಲೆ ಬಂದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಹಾಗಾಗಿ ನೀರಿನೊಳಗೆ ಉಸಿರಾಟ ನಿಲ್ಲಿಸಬಾರದು. ನಿಧಾನ ಒಳಗೆ, ನಿಧಾನ ಹೊರಗೆ. ಮೇಲೆ ಬರುವಾಗಲೂ ನಿಧಾನ, ನಿಮಿಷಕ್ಕೆ ಒಂಬತ್ತು ಮೀಟರ್ ಮೀರಬಾರದು. 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಬರುವುದು ವಾಡಿಕೆ. ಅಂದಹಾಗೆ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಮಾಮೂಲಿ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ನೇತ್ರಾಣಿಯಿಂದ ಬಂದವರೆಲ್ಲ 'ಆಕ್ಸಿಜನ್ ಹಾಕ್ಕೊಂಡು ಹೋಗಿದ್ದೆ' ಅಂತಲೇ ಹೇಳುವುದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನೀವು ಮಾಡಿದ್ದು 'ಡಿಸ್ಕವರ್ ಸ್ಕೂಬಾ'. ಗೈಡ್ ನಿಮ್ಮ ಸಿಲಿಂಡರ್ ಹಿಡಿದುಕೊಂಡು ಸುತ್ತಾಡಿಸಿ ತಂದಿದ್ದಾರೆ. ಅದರಲ್ಲಿ ಹೆಚ್ಚೆಂದರೆ 12 ಮೀಟರ್. ಜಗತ್ತಿನ ಒಳ್ಳೆ ಜಾಗಗಳ ಬಾಗಿಲು ತೆರೆಯುವುದು 'ಓಪನ್ ವಾಟರ್' ಸರ್ಟಿಫಿಕೇಟ್ ಇದ್ದರೆ ಮಾತ್ರ. ಮೂರು ನಾಲ್ಕು ದಿನದ ಕೋರ್ಸ್. ಪ್ಯಾಡಿ, ಎಸ್‌ಎಸ್‌ಐ ಅನ್ನುವ ಡೈವಿಂಗ್ ಸಂಸ್ಥೆಗಳಲ್ಲಿ ಯಾವುದರದ್ದಾದರೂ ಸರಿ, ಎಲ್ಲ ದೇಶದಲ್ಲೂ ನಡೆಯುತ್ತದೆ. ಅದು ಇದ್ದರೆ 18 ಮೀಟರ್ ತನಕ ಹೋಗಬಹುದು. ಅದರ ಮೇಲಿನ 'ಅಡ್ವಾನ್ಸ್ಡ್' ಮಾಡಿದರೆ 30 ಮೀಟರ್. ಕೋರ್ಸಿನಲ್ಲಿ ಎಲ್ಲರೂ ಹೆದರುವುದು ಒಂದಕ್ಕೇ: ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕಿಗೆ ಬೇಕಂತಲೇ ನೀರು ತುಂಬಿಸಿಕೊಂಡು ನೀರಿನೊಳಗೇ ಅದನ್ನು ಖಾಲಿ ಮಾಡುವುದು. ಮಾಸ್ಕಿನ ಮೇಲಂಚನ್ನು ಎರಡು ಬೆರಳಿನಿಂದ ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡುತ್ತಾ, ಮೂಗಿನಿಂದ ಉದ್ದಕ್ಕೆ ಊದಬೇಕು. ನೀರು ಕೆಳಗಿನಂಚಿನಿಂದ ಹೊರಗೆ ಹೋಗುತ್ತದೆ. ಮೊದಲ ಸಲ ಮೂಗಿಗೆ ಉಪ್ಪು ನೀರು ಹೊಕ್ಕು ಕಣ್ಣಲ್ಲಿ ನೀರು ಬರುತ್ತದೆ. ಎರಡನೇ ದಿನಕ್ಕೆ ಅದೇನೂ ಅನ್ನಿಸುವುದಿಲ್ಲ.

ಈಗ ನಿಮ್ಮ ಬೇಸಿಗೆ ರಜೆ. ನನ್ನ ಮಾತು ಕೇಳುವುದಾದರೆ ಅಂಡಮಾನ್. ಆದರೆ ಮೇ ಕೊನೆಗೆ ಬೇಡ, ಏಪ್ರಿಲ್‌ಗೆ ಹೋಗಿ. ನೈಋತ್ಯ ಮುಂಗಾರು ಕೇರಳಕ್ಕೆ ಬರುವ ಮುಂಚೆ ಅಂಡಮಾನ್ ಮುಟ್ಟುತ್ತದೆ, ಸಾಮಾನ್ಯವಾಗಿ ಮೇ ಮೂರನೇ ವಾರದಲ್ಲಿ. ನಮ್ಮ ಜನ ಮದುವೆ, ಮುಂಜಿ, ಜಾತ್ರೆ ಎಲ್ಲ ಮುಗಿಸಿಕೊಂಡು ಮೇ 20ಕ್ಕೆ ಹೊರಡುತ್ತಾರೆ, ಮಳೆ ಜೊತೆಗೇ ಅಲ್ಲಿ ಇಳಿಯುತ್ತಾರೆ. ಏಪ್ರಿಲ್‌ನಲ್ಲಿ ಸಮುದ್ರ ಶಾಂತ, ನೀರು ಬೆಚ್ಚಗೆ, ಕೆಳಗೆ ದೂರದ ತನಕ ಕಾಣುತ್ತದೆ. ನಿಮಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಡ್ಯೂಟಿ ಬೀಳಬಹುದು ಅಂತ ಗೊತ್ತು. ಅದು ಮುಗಿದ ಮರುದಿನವೇ ಹೊರಡಿ, ಲೇಟ್ ಮಾಡಬೇಡಿ.

ಚೆನ್ನೈನಿಂದ ವಿಮಾನದಲ್ಲಿ ಪೋರ್ಟ್ ಬ್ಲೇರ್ (2024ರಿಂದ ಹೆಸರು ಶ್ರೀ ವಿಜಯಪುರಂ), ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪ. ಎಲ್ಲರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕ್ ಅಂತಲೇ ಇದೆ. ಕೋರ್ಸ್ ಅಲ್ಲೇ ಮಾಡಿ. ಕಲಿಸುವವರ ಜೊತೆ ಹಿಂದಿ ಇಂಗ್ಲಿಷಿನಲ್ಲಿ ಮಾತಾಡಬಹುದು, ವೀಸಾ ಬೇಡ, ಕಷ್ಟ ಬಂದರೆ ನಮ್ಮ ದೇಶ. ಖರ್ಚು ಕೋರ್ಸಿಗೇ ಸುಮಾರು 25ರಿಂದ 35 ಸಾವಿರ ಅಂತ ಇಟ್ಟುಕೊಳ್ಳಿ, ಟಿಕೆಟ್ಟು, ರೂಮು ಬೇರೆ. ಒಂದು ಮಾತು ಮುಂಚೆಯೇ ಹೇಳುತ್ತೇನೆ. ಅಲ್ಲಿನ ತೀರದ ಹತ್ತಿರದ ಹವಳ 2010ರಲ್ಲಿ ಸಮುದ್ರ ಬಿಸಿಯಾಗಿ ತುಂಬಾ ಸತ್ತಿತು. ಹವಳದ ಬಣ್ಣ, ಊಟ ಎರಡೂ ಅದರೊಳಗೆ ಇರುವ ಸಣ್ಣ ಪಾಚಿಯಿಂದ. ನೀರು ಬೇಸಿಗೆಯ ಮಾಮೂಲಿ ಮಟ್ಟಕ್ಕಿಂತ ಒಂದು ಡಿಗ್ರಿ ಜಾಸ್ತಿಯಾಗಿ ವಾರಗಟ್ಟಲೆ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಗೆ ತಳ್ಳಿ ಬೆಳ್ಳಗಾಗುತ್ತದೆ. ಬೇಗ ತಣಿದರೆ ಬದುಕುತ್ತದೆ, ಇಲ್ಲದಿದ್ದರೆ ಇಲ್ಲ. 2024ರಲ್ಲಿ ಜಗತ್ತಿನ ಬಹುಪಾಲು ಸಮುದ್ರಗಳಲ್ಲಿ ಹೀಗಾಯಿತು. ಹಾಗಾಗಿ ಎಲ್ಲೇ ಹೋದರೂ ಹತ್ತು ವರ್ಷ ಹಳೆಯ ಫೋಟೋ ನೋಡಿ ಲೆಕ್ಕ ಹಾಕಬೇಡಿ. ಅಂಡಮಾನಿನಲ್ಲಿ ಬೋಟಿನಲ್ಲಿ ದೂರ ಹೋದರೆ ಆಳದ ಬಂಡೆಗಳ ಮೇಲೆ ಇನ್ನೂ ಮೀನಿನ ಜಾತ್ರೆ ಇದೆ.

ಥಾಯ್ಲೆಂಡ್ ಎರಡನೇ ಆಯ್ಕೆ. ಹೈದರಾಬಾದಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಇದೆ, ನಿಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಲ್ಲಿ ಎರಡು ಸಮುದ್ರ, ಎರಡು ಹವಾಮಾನ. ಇದು ತಿಳಿಯದೆ ಎಷ್ಟೋ ಜನ ಕೆಡುತ್ತಾರೆ. ಪಶ್ಚಿಮಕ್ಕೆ ಅಂಡಮಾನ್ ಸಮುದ್ರ. ಸಿಮಿಲನ್ ದ್ವೀಪಗಳು ಆ ಕಡೆ, ಅವು ತೆರೆದಿರುವುದು ಅಕ್ಟೋಬರ್ 15ರಿಂದ ಮೇ 15ರ ತನಕ ಮಾತ್ರ. ಪೂರ್ವಕ್ಕೆ ಥಾಯ್ಲೆಂಡ್ ಕೊಲ್ಲಿ, ಅಲ್ಲಿ ಕೋ ತಾವ್ ಅನ್ನುವ ಪುಟ್ಟ ದ್ವೀಪ. ಅದು ಮೇನಲ್ಲೂ ಚೆನ್ನಾಗಿರುತ್ತದೆ, ನವೆಂಬರ್‌ನಲ್ಲಿ ಕೆಡುತ್ತದೆ. ಕೋ ತಾವ್ ಜಗತ್ತಿನಲ್ಲೇ ಅತಿ ಹೆಚ್ಚು ಜನ ಡೈವಿಂಗ್ ಕಲಿಯುವ ಜಾಗಗಳಲ್ಲಿ ಒಂದು, ಕೋರ್ಸ್ ಅಗ್ಗ. ನನಗೆ ಅಷ್ಟು ಸೇರುವುದಿಲ್ಲ. ಒಂದೇ ಬಂಡೆ ಸುತ್ತ ಹತ್ತು ಬೋಟಿನ ಜನ. ಕಲಿಯಲು ಸರಿ, ನೋಡಲು ಸಾಧಾರಣ. ಮೌಲ್ಯಮಾಪನದಿಂದ ಏಪ್ರಿಲ್ ಪೂರ್ತಿ ಕೈಬಿಟ್ಟು ಹೋಯಿತು ಅಂದರೆ, ಮೇ ತಿಂಗಳಿಗೆ ಇದನ್ನೇ ಹಿಡಿಯಿರಿ.

ಮಾಲ್ಡೀವ್ಸ್ ಬಗ್ಗೆ ಎಲ್ಲರಿಗೂ ಆಸೆ. ನೀರಿನ ಮೇಲೆ ಕಟ್ಟಿದ ಆ ಮರದ ಮನೆಗಳ ಬಾಡಿಗೆ ಕೇಳಿದರೆ ಒಂದು ಸೆಮಿಸ್ಟರ್ ಫೀಸ್ ಆಗುತ್ತದೆ. ಆದರೆ ಊರಿನ ಜನರೇ ಇರುವ ದ್ವೀಪಗಳಲ್ಲಿ ಗೆಸ್ಟ್ ಹೌಸ್‌ಗಳಿವೆ. ಮಾಫುಶಿ, ಧಿಗುರಾ ಥರದ ಕಡೆ ಮಧ್ಯಮ ವರ್ಗದವರೂ ಇರಬಹುದು. ಧಿಗುರಾ ಇರುವ ದಕ್ಷಿಣ ಆರಿ ಪ್ರದೇಶದಲ್ಲಿ ತಿಮಿಂಗಿಲ ಶಾರ್ಕ್ ವರ್ಷವಿಡೀ ಕಾಣುತ್ತದೆ. ಅದು ಜಗತ್ತಿನ ಅತಿ ದೊಡ್ಡ ಮೀನು. ಹೆದರಬೇಡಿ, ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಜೀವಿಗಳು, ಪುಟ್ಟ ಮೀನುಗಳನ್ನ. ಹಾಗಿದ್ದರೂ ಈ ಬೇಸಿಗೆಗೆ ಬೇಡ ಅನ್ನುತ್ತೇನೆ. ಮೇ ತಿಂಗಳಿಗೆ ಅಲ್ಲಿ ಮಳೆಗಾಲ ಶುರು. ಜೊತೆಗೆ ಅಲ್ಲಿನ ಒಳ್ಳೆ ಡೈವ್‌ಗಳು ಹವಳದ ದಿಬ್ಬಗಳ ನಡುವಿನ ಕಾಲುವೆಗಳಲ್ಲಿ. ಕೃಷ್ಣೆಗೆ ಬಸವಸಾಗರದ ಗೇಟ್ ಎತ್ತಿದಾಗಿನ ಸೆಳೆತ ನೋಡಿದ್ದೀರಲ್ವಾ, ಸೆಳೆತದ ದಿನ ಅಲ್ಲಿಯೂ ಈಜಿ ಗೆಲ್ಲುವ ಮಾತಿಲ್ಲ. ಹೊಸಬರಿಗೆ ಅಲ್ಲ ಅದು. ಕೈಯಲ್ಲಿ ಸರ್ಟಿಫಿಕೇಟ್ ಇದ್ದು, ಒಂದಷ್ಟು ಡೈವ್ ಆದ ಮೇಲೆ ಹೋಗಿ.

ಮಾಲ್ಡೀವ್ಸಿಗೆ ದಸರಾ ರಜೆಯಲ್ಲಿ ಹೋಗಲು ಒಂದು ಒಳ್ಳೆ ಕಾರಣ ಇದೆ, ಅದೂ ನಿಮ್ಮ ಯಜಮಾನರಿಗಾಗಿ. ಉಂಗುರದಾಕಾರದ ಹವಳ ದ್ವೀಪಗಳ ಗುಂಪಾದ ಬಾ ಅಟಾಲ್‌ನಲ್ಲಿ ಹನಿಫಾರು ಕೊಲ್ಲಿ ಅಂತಿದೆ. ಜೂನ್‌ನಿಂದ ನವೆಂಬರ್ ತನಕ ಮಾನ್ಸೂನ್ ಪ್ರವಾಹ ಸಣ್ಣ ಜೀವಿಗಳನ್ನು ತಂದು ಆ ಕೊಲ್ಲಿಯೊಳಗೆ ತುಂಬುತ್ತದೆ. ಅದನ್ನು ತಿನ್ನಲು ಮಾಂಟಾ ಮೀನುಗಳು ಬರುತ್ತವೆ, ರೆಕ್ಕೆಯಗಲ ಮೂರು ಮೀಟರ್, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಒಂದರ ಹಿಂದೆ ಒಂದು, ಬಾಯಿ ತೆರೆದುಕೊಂಡು ಸುತ್ತು ಹೊಡೆಯುತ್ತವೆ. ಅಲ್ಲಿ ಸ್ಕೂಬಾ ಮಾಡುವಂತೆಯೇ ಇಲ್ಲ. ಗುಳ್ಳೆಗಳಿಂದ ಮೀನಿಗೆ ತೊಂದರೆ ಅಂತ ನಿಷೇಧ. ಉಸಿರಾಡುವ ಕೊಳವೆ (ಸ್ನಾರ್ಕೆಲ್) ಕಚ್ಚಿಕೊಂಡು, ಲೈಫ್ ಜಾಕೆಟ್ ಹಾಕಿ ಮೇಲೆ ತೇಲುತ್ತಾ ನೋಡಬೇಕು. ಹೀಗಾಗಿ ಕೆಳಗೆ ಇಳಿಯಲಾಗದವರಿಗೂ ಅಲ್ಲಿ ಪೂರ್ತಿ ಆಟ ಸಿಗುತ್ತದೆ.

ಬಾಲಿ ನನ್ನ ಮೆಚ್ಚಿನದು. ನೀವು ಕೋರ್ಸ್ ಮುಗಿಸಿದ ವರ್ಷದ ದಸರಾಕ್ಕೆ, ಇಲ್ಲವೇ ಅದರ ಮುಂದಿನ ಮೇ ತಿಂಗಳಿಗೆ ಅಲ್ಲಿಗೆ ಹೋಗಿ. ಆ ಎರಡೂ ಹೊತ್ತಿಗೆ ಅಲ್ಲಿ ಮಳೆ ಕಡಿಮೆ. ಕುಟಾ, ಉಬುದ್ ಕಡೆ ಕಾಲ ಕಳೆಯಬೇಡಿ, ಸೀದಾ ಈಶಾನ್ಯ ಕರಾವಳಿಯ ತುಲಂಬೆನ್‌ಗೆ ಹೋಗಿ. ಅಲ್ಲಿ ಲಿಬರ್ಟಿ ಅನ್ನುವ ಅಮೆರಿಕದ ಸರಕು ಹಡಗು ಮಲಗಿದೆ. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಅದಕ್ಕೆ ಟಾರ್ಪೆಡೊ ಹೊಡೆಯಿತು. ಮುಳುಗುವ ಮುಂಚೆ ಎಳೆದು ತಂದು ದಡಕ್ಕೆ ಹತ್ತಿಸಿದರು. ಇಪ್ಪತ್ತೊಂದು ವರ್ಷ ಅದು ದಡದಲ್ಲೇ ತುಕ್ಕು ಹಿಡಿಯುತ್ತಾ ನಿಂತಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ನಡುಗಿ ಹಡಗು ಜಾರಿ ನೀರಿಗೆ ಸೇರಿತು. ಈಗ ಅದರ ಮೇಲಿನ ಭಾಗ ಸುಮಾರು 5 ಮೀಟರಿನಲ್ಲೇ ಸಿಗುತ್ತದೆ, ಕೆಳಭಾಗ 30ರ ಹತ್ತಿರ.

ಬೋಟೇ ಬೇಡ, ದಡದಿಂದ ನಡೆದೇ ಇಳಿಯುವುದು. ದಡದಲ್ಲಿ ಮರಳಿಲ್ಲ, ಗುಂಡು ಗುಂಡಾದ ಕರಿ ಕಲ್ಲುಗಳು. ನಮ್ಮ ಕಡೆ ಹೆಣ್ಣುಮಕ್ಕಳು ಕೊಡ ಹೊತ್ತ ಹಾಗೆ ಅಲ್ಲಿನ ಹೆಂಗಸರು ಸಿಲಿಂಡರನ್ನು ತಲೆ ಮೇಲೆ ಹೊತ್ತು ಆ ಕಲ್ಲುಗಳ ಮೇಲೆ ಸಲೀಸಾಗಿ ನಡೆಯುತ್ತಾರೆ. ಅದನ್ನೇ ಬೆನ್ನಿಗೆ ಹಾಕಿಕೊಂಡ ನಮ್ಮ ಕಾಲು ಮಾತ್ರ ತಡವರಿಸುತ್ತದೆ. ಮೊದಲ ಅಲೆ ದಾಟಿದರೆ ಮುಗಿಯಿತು. ಬೆಳಿಗ್ಗೆ ಬೇಗ ಇಳಿಯಿರಿ. ಟೂರಿಸ್ಟ್ ಬಸ್ಸು ಬರುವ ಮುಂಚೆ, ಹಣೆ ಉಬ್ಬಿದ ದೊಡ್ಡ ಗಿಣಿಮೀನುಗಳ ಹಿಂಡು ಹಡಗಿನ ಸುತ್ತ ಓಡಾಡುತ್ತಿರುತ್ತದೆ. ಉಗುರಿಗೆ ಕೆಂಪು ಬಣ್ಣ ಹಚ್ಚಿದ್ದರೆ ಆಗ ಒಮ್ಮೆ ಕೈ ನೋಡಿಕೊಳ್ಳಿ. ನೀರು ಮೊದಲು ನುಂಗುವುದು ಕೆಂಪನ್ನೇ. 15 ಮೀಟರಿನಲ್ಲಿ ಅದು ಕರಿ ಕಂದು. ಟಾರ್ಚ್ ಬಿಟ್ಟರೆ ಮತ್ತೆ ಕೆಂಪು. ಬಾಲಿಯ ಪಕ್ಕದ ನುಸಾ ಪೆನಿಡಾ ಬಗ್ಗೆಯೂ ಜನ ಹೇಳುತ್ತಾರೆ. ತಣ್ಣೀರು, ಸೆಳೆತ. ಈಗಲೇ ಬೇಡ.

ಉಳಿದ ದೊಡ್ಡ ಹೆಸರುಗಳನ್ನು ಬೇಗ ಹೇಳಿಬಿಡುತ್ತೇನೆ, ಕನಸು ಕಾಣಲು ಖರ್ಚಿಲ್ಲ. ಇಂಡೋನೇಷ್ಯಾದ ರಾಜಾ ಅಂಪತ್‌ನಲ್ಲಿ ಐನೂರಕ್ಕೂ ಹೆಚ್ಚು ಜಾತಿಯ ಹವಳ. ಒಂದೇ ಕಡೆ ಇಷ್ಟು ಬೇರೆಲ್ಲೂ ಇಲ್ಲ, ಆದರೆ ಮುಟ್ಟಲು ದೂರ, ದುಬಾರಿ. ಫಿಲಿಪ್ಪೀನ್ಸಿನ ತುಬ್ಬತಾಹ ಹವಳದ ದಿಬ್ಬ ನಿಮ್ಮ ರಜೆಗೆ ಹೇಳಿ ಮಾಡಿಸಿದ್ದು. ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮಾತ್ರ ಹೋಗಬಹುದು, ಹಡಗಿನಲ್ಲೇ ಮಲಗಬೇಕು. ಅನುಭವ ಬೇಕು. ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಥಿಸಲ್‌ಗಾರ್ಮ್ ಹಡಗು. 1941ರ ಅಕ್ಟೋಬರ್‌ನಲ್ಲಿ ಜರ್ಮನ್ ವಿಮಾನಗಳು ಮುಳುಗಿಸಿದ್ದು. ಹೊಟ್ಟೆಯೊಳಗೆ ಸಾಲಾಗಿ ನಿಂತ ಮೋಟಾರ್ ಸೈಕಲ್‌ಗಳು, ಲಾರಿಗಳು ಇನ್ನೂ ಇವೆ. ಆ ಸಮುದ್ರ ಉಳಿದವಕ್ಕಿಂತ ಉಪ್ಪು ಜಾಸ್ತಿ. ಮೈ ತೇಲುತ್ತದೆ, ಸೊಂಟಕ್ಕೆ ಸೀಸದ ತೂಕ ಜಾಸ್ತಿ ಕಟ್ಟಬೇಕು. ಅದೇ ದೇಶದ ದಹಬ್‌ನಲ್ಲಿ ಬ್ಲೂ ಹೋಲ್ ಅನ್ನುವ, ಸಮುದ್ರದೊಳಗಿನ ಆಳದ ಗುಂಡಿ ಇದೆ. 50 ಮೀಟರಿಗೂ ಕೆಳಗಿರುವ ಕಮಾನು ದಾಟುವ ಚಟಕ್ಕೆ ಬಿದ್ದು ತುಂಬಾ ಜನ ಸತ್ತಿದ್ದಾರೆ. ದಡದ ಬಂಡೆಯ ಮೇಲೆ ಅವರ ಹೆಸರಿನ ಕಲ್ಲುಗಳಿವೆ. ಬೆಲೀಜಿನ ಬ್ಲೂ ಹೋಲ್ ವಿಮಾನದಿಂದ ನೋಡಿದರೇ ಚೆಂದ ಅಂತ ನನ್ನ ಅಭಿಪ್ರಾಯ, ಒಳಗೆ ಕತ್ತಲು, ಮೀನೂ ಕಡಿಮೆ. ಐಸ್‌ಲ್ಯಾಂಡಿನ ಸಿಲ್ಫ್ರಾದಲ್ಲಿ ಭೂಮಿಯ ಮೇಲ್ಪದರದ ಎರಡು ಭಾರಿ ಫಲಕಗಳ (ಪ್ಲೇಟ್) ನಡುವಿನ ಬಿರುಕಿನಲ್ಲಿ ಈಜಬಹುದು. ನೀರು ಎಷ್ಟು ತಿಳಿ ಅಂದರೆ ನೂರು ಮೀಟರ್ ದೂರ ಕಾಣುತ್ತದೆ. ಚಳಿ ಮಾತ್ರ 2ರಿಂದ 4 ಡಿಗ್ರಿ. ಏಪ್ರಿಲ್‌ನಲ್ಲಿ ಯಾದಗಿರಿ ಬಿಸಿಲಲ್ಲಿ ಕೂತು ಓದುವವರಿಗೆ ಅದೂ ಆಸೆ ಹುಟ್ಟಿಸುತ್ತದೆ ಬಿಡಿ.

ಯಜಮಾನರ ವಿಷಯ. 'ಈಜು ಬರದಿದ್ದರೂ ನಡೆಯುತ್ತದೆ' ಅಂತ ಜಾಹೀರಾತಿನಲ್ಲಿ ಹೇಳುವುದು ಡಿಸ್ಕವರ್ ಸ್ಕೂಬಾಗೆ ಮಾತ್ರ ನಿಜ. ಕೋರ್ಸ್ ಮಾಡಬೇಕಂದರೆ ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ಏನೂ ಹಿಡಿಯದೆ ತೇಲಬೇಕು. ವೇಗದ ಲೆಕ್ಕ ಇಲ್ಲ. ಇನ್ನೂ ತಿಂಗಳುಗಳಿವೆ, ಕಲಬುರಗಿಯಲ್ಲಿ ಈಜುಕೊಳಕ್ಕೆ ಸೇರಿಸಿ, 43ಕ್ಕೆ ಏನೂ ತಡವಾಗಿಲ್ಲ. ಬಿಪಿಗೆ ಬೇರೆ ದಾರಿ. ಎಲ್ಲ ಕಡೆ ಒಂದು ಆರೋಗ್ಯದ ಫಾರಂ ತುಂಬಿಸುತ್ತಾರೆ. ಅದರಲ್ಲಿ ಬಿಪಿ, ಆಸ್ತಮಾ, ಹೃದಯ, ಫಿಟ್ಸ್ ಎಲ್ಲ ಕೇಳುತ್ತಾರೆ. 'ಹೌದು' ಬರೆದರೆ ಡಾಕ್ಟರ್ ಸಹಿ ಬೇಕು. ಅಲ್ಲಿಗೆ ಹೋದ ಮೇಲೆ ಸಹಿಗೆ ಅಲೆಯಬಾರದು ಅಂತ ಕೆಲವರು ಸುಮ್ನೆ 'ಇಲ್ಲ' ಅಂತ ಬರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫಾರಂ ಮೊದಲೇ ತರಿಸಿಕೊಂಡು, ನಿಮ್ಮ ಡಾಕ್ಟರಿಗೆ ಮಾತ್ರೆಯ ಹೆಸರು ತೋರಿಸಿ, ಊರಿನಲ್ಲೇ ಸಹಿ ಹಾಕಿಸಿಕೊಂಡು ಹೋಗಿ. ಅವರು ಬೇಡ ಅಂದರೆ ಬೇಡ.

ವಾಪಸ್ ಬರುವುದೂ ಲೆಕ್ಕದಲ್ಲಿರಲಿ. ಕೆಳಗೆ ಇದ್ದಷ್ಟು ಹೊತ್ತು ಸಾರಜನಕ ಮೈಯಲ್ಲಿ ಕರಗಿ ಕೂತಿರುತ್ತದೆ, ಮೆಲ್ಲಗೆ ಹೊರಗೆ ಹೋಗಬೇಕು. ವಿಮಾನ ಹತ್ತಿದರೆ ಒತ್ತಡ ಇಳಿದು ಅದು ಗುಳ್ಳೆಯಾಗುತ್ತದೆ, ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯು ತನಕ ಏನೂ ಆಗಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ಬಿಟ್ಟು ವಿಮಾನ. ನಾನು ಪೂರ್ತಿ ಒಂದು ದಿನ ಬಿಡಿ ಅನ್ನುತ್ತೇನೆ. ಕೊನೆಯ ದಿನ ಸೆಲ್ಯುಲರ್ ಜೈಲು ನೋಡಿ. ಮುರುಡೇಶ್ವರಕ್ಕೆ ಕಾರಿನಲ್ಲಿ ಹೋಗುವವರಿಗೂ ಇದೇ ಮಾತು. ಘಾಟಿ ಹತ್ತಿದರೂ ಒತ್ತಡ ಇಳಿಯುತ್ತದೆ, ಬೀದರ್ ಊರೇ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ. ಮಧ್ಯಾಹ್ನ ಡೈವ್ ಮುಗಿಸಿ ಸಂಜೆಯೇ ಗಾಡಿ ಎತ್ತಬೇಡಿ, ರಾತ್ರಿ ಅಲ್ಲೇ ಇದ್ದು ಬನ್ನಿ.

ಬೋಟ್ ದಿನ ಬೆಳಿಗ್ಗೆ ಹೊಟ್ಟೆ ಖಾಲಿಯೂ ಬೇಡ, ತುಂಬಿಸಲೂ ಬೇಡ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಆದರೆ ವಾಪಸ್ ಬರುವಾಗ ಬಿಚ್ಚಿ. ವಾಂತಿ ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿಕೊಂಡು, ಬೋಟ್ ಹತ್ತುವ ಅರ್ಧ ಮುಕ್ಕಾಲು ಗಂಟೆ ಮುಂಚೆ ತಗೊಳ್ಳಿ. ಕೆಲವು ಮಾತ್ರೆ ನಿದ್ದೆ ತರುತ್ತವೆ, ಅಂಥದ್ದು ಡೈವ್ ಮಾಡುವವರಿಗೆ ಬೇಡ.

ಕನ್ನಡಕಕ್ಕೆ ಚಿಂತೆ ಬೇಡ. ನಂಬರ್ ಇರುವ ಗಾಜಿನ ಮಾಸ್ಕ್ ಸಿಗುತ್ತವೆ, ದೊಡ್ಡ ಡೈವ್ ಸೆಂಟರ್‌ಗಳಲ್ಲಿ ಬಾಡಿಗೆಗೂ ಇಟ್ಟಿರುತ್ತಾರೆ. ನೀರಿನಲ್ಲಿ ಎಲ್ಲವೂ ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ, ಹತ್ತಿರ ಕಾಣುವುದರಿಂದ ಸಣ್ಣ ನಂಬರಿನವರಿಗೆ ಅದೂ ಬೇಕಾಗುವುದಿಲ್ಲ. ಬುಕ್ ಮಾಡುವಾಗ ಯಜಮಾನರ ಎರಡೂ ಕಣ್ಣಿನ ನಂಬರ್ ಮೊದಲೇ ಬರೆದು ಕಳಿಸಿ, ತೆಗೆದಿಡುತ್ತಾರೆ.